ಅಲೆ ತಪ್ಪಿತೆಂದು ಹೆದರಿದ ಪುಟ್ಟನಿಗೆ

ಸೋಮವಾರಪೇಟೆ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಪತ್ರದಲ್ಲಿ ರೂಮಿನ ಬಾಡಿಗೆ, ನಿರ್ಮಾಪಕರ ಭೇಟಿ, ಹೊಟ್ಟೆನೋವು ಎಲ್ಲವೂ ಇದ್ದವು. ಅವನ್ನು ಓದಿ ಮಡಚಿಡಬಹುದಿತ್ತು. ಆದರೆ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, ‘ನಾನು ಬರೆದು ಮುಗಿಸುವಷ್ಟರಲ್ಲಿ ಈ ಅಲೆ ಮುಗಿದಿರುತ್ತದೆ, ಮುಂದೆ ಯಾವ ಥರದ ಸಿನಿಮಾ ಓಡುತ್ತದೆಂದು ತಿಳಿಯುತ್ತಿಲ್ಲ, ನನ್ನ ಕಾಲ ಬರುವ ಮೊದಲೇ ಹೋಯಿತೇನೋ ದೊಡ್ಡಮ್ಮ’ ಎಂದು. ಅದನ್ನು ಓದಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ. ಮೂವತ್ತು ತುಂಬದ ಹುಡುಗ ಕಾಲ ಹೋಯಿತು ಎಂದು ಬರೆಯುವುದೆಂದರೇನು?

ನಿನ್ನ ನಿರ್ಮಾಪಕರು ಹೇಳಿದ್ದನ್ನು ಮತ್ತೆ ಮತ್ತೆ ಓದಿದೆ. ಗುಡ್ಡ ಜರಿದ ಕಥೆ ಬೇಡ, ಪ್ರವಾಹದ ಸಿನಿಮಾ ಮಲಯಾಳದಲ್ಲಿ ಬಂದಾಯಿತು, ಈಗ ದೆವ್ವವೂ ಇರಬೇಕು ನಗುವೂ ಇರಬೇಕು, ಇಲ್ಲವೇ ದೈವ ಇರಬೇಕು ಎಂದರಂತೆ. ಅವರು ಹಣ ಹಾಕುವವರು, ಅವರ ಮಾತನ್ನು ಪೂರ್ತಿ ತಳ್ಳಿಹಾಕು ಎಂದು ನಾನು ಹೇಳಲಾರೆ. ಆದರೂ ಒಂದು ಲೆಕ್ಕ ನೋಡು. ಕೇರಳದ ಆ ಪ್ರವಾಹ ಬಂದದ್ದು 2018ರ ಆಗಸ್ಟ್‌ನಲ್ಲಿ. ಅದೇ ತಿಂಗಳು, ಅದೇ ಮಳೆಗೆ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದವು. ಅವರ ಸಿನಿಮಾ ತೆರೆಗೆ ಬಂದದ್ದು 2023ರ ಮೇ ತಿಂಗಳಲ್ಲಿ. ಸುಮಾರು ಐದು ವರ್ಷದ ಮೇಲೆ ಬಂದ ಸಿನಿಮಾಕ್ಕೆ ಜನ ಮುಗಿಬಿದ್ದರು, ಆಸ್ಕರ್‌ಗೆ ಭಾರತದ ಪರವಾಗಿ ಹೋದದ್ದೂ ಅದೇ. ತಡವಾಯಿತು ಎಂದು ಅವರಿಗೆ ಯಾರಾದರೂ ಹೇಳಿದರೇ? ನಮ್ಮ ಗುಡ್ಡದ ಕಥೆಯನ್ನು ಅವರು ಹೇಳಿಲ್ಲವಲ್ಲ. ಪರಿಹಾರ ಕೇಂದ್ರದಲ್ಲಿ ಕುಳಿತು, ಮನೆಯೇ ಇಲ್ಲದ ಮನೆಯ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡ ಆ ಅಜ್ಜಿಯನ್ನು ನೀನು ಬರೆದೆ. ಅವಳು ಯಾವ ಸಿನಿಮಾದಲ್ಲೂ ಬಂದಿಲ್ಲ.

ಮುಂದೆ ಯಾವುದು ಓಡುತ್ತದೆ ಎಂದು ನನ್ನನ್ನು ಕೇಳಿದ್ದೀಯ. ಟಾಕೀಸಿನ ಕಿಟಕಿಯಲ್ಲಿ ಕುಳಿತಿದ್ದವಳಿಗೆ ಗೊತ್ತಿರಬಹುದು ಎಂದುಕೊಂಡಿರಬೇಕು. ಆ ಕಿಟಕಿಯಿಂದ ಕಂಡದ್ದನ್ನು ಹೇಳುತ್ತೇನೆ, ನಿನಗೆ ಉಪಯೋಗವಾದರೆ ಆಗಲಿ.

ಹೆಂಗಸರ ಟಿಕೆಟ್ ಕಿಟಕಿ ಒಂದು ಕೈ ತೂರುವಷ್ಟೇ ಅಗಲವಿತ್ತು. ಮಳೆಗಾಲದಲ್ಲಿ ಒದ್ದೆ ಕೈಗಳು ಒಳಗೆ ಬರುತ್ತಿದ್ದವು. ಮುದುಡಿದ ನೋಟು ಟಿಕೆಟ್ ಪುಸ್ತಕದ ಮೇಲೆ ಬಿದ್ದು ಬಣ್ಣದ ಕಾಗದ ನೆನೆದು ಕೈಗೆಲ್ಲ ಹತ್ತುತ್ತಿತ್ತು. ಮುಖ ಕಾಣಬೇಕಾದರೆ ನಾನು ಬಗ್ಗಬೇಕು, ಅವರೂ ಬಗ್ಗಬೇಕು. ಅಷ್ಟು ಕಷ್ಟಪಟ್ಟು ಬಗ್ಗಿ ಅವರು ಕೇಳುತ್ತಿದ್ದದ್ದು ಎರಡೇ ಮಾತು. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಬಹುದೇ? ಕೊನೆಗೆ ತುಂಬಾ ಅಳಿಸುತ್ತಾರೆಯೇ? ಪೌರಾಣಿಕವೋ ಸಾಮಾಜಿಕವೋ ಎಂದು ಯಾರೂ ಕೇಳಲಿಲ್ಲ. ಈಗ ಯಾವ ಥರದ್ದು ನಡೆಯುತ್ತಿದೆ ಎಂದು ಕೇಳುತ್ತಿದ್ದವರು ಗಾಂಧಿನಗರದ ಹಂಚಿಕೆದಾರರು, ನಮ್ಮ ಮಾಲೀಕರು ಮತ್ತು ನಿನ್ನ ದೊಡ್ಡಪ್ಪ.

ನಿನ್ನ ದೊಡ್ಡಪ್ಪನಿಗೆ ಆ ವಿದ್ಯೆ ಇತ್ತು, ಅದನ್ನು ಅಲ್ಲಗಳೆಯಲಾರೆ. ಮೇಲೆ ಪ್ರೊಜೆಕ್ಟರ್ ಕೋಣೆಯ ಕಿಂಡಿಯಲ್ಲಿ ನಿಂತು ಅವರು ತೆರೆ ನೋಡುತ್ತಿರಲಿಲ್ಲ, ತಲೆಗಳನ್ನು ನೋಡುತ್ತಿದ್ದರು. ಒಂದು ರೀಲು ಇಪ್ಪತ್ತು ನಿಮಿಷ, ಮೂಲೆಯಲ್ಲಿ ಚುಕ್ಕೆ ಬಂದರೆ ಪಕ್ಕದ ಯಂತ್ರಕ್ಕೆ ಬದಲಾಯಿಸಬೇಕು. ಆ ಇಪ್ಪತ್ತು ನಿಮಿಷದಲ್ಲಿ ಎಷ್ಟು ತಲೆ ಅಲುಗಾಡಿತು, ಎಷ್ಟು ಜನ ಬೀಡಿ ಸೇದಲು ಎದ್ದರು ಎಂದು ನೋಡಿ, ಸಿನಿಮಾ ಎಷ್ಟು ವಾರ ನಿಲ್ಲುತ್ತದೆಂದು ಮೊದಲ ಆಟದಲ್ಲೇ ಹೇಳಿಬಿಡುತ್ತಿದ್ದರು. ಅದು ಹೆಚ್ಚಾಗಿ ನಿಜವೇ ಆಗುತ್ತಿತ್ತು. ಆದರೆ ಪುಟ್ಟ, ಅವರು ಹೇಳುತ್ತಿದ್ದದ್ದು ಎದುರಿಗೆ ಓಡುತ್ತಿರುವ ಸಿನಿಮಾದ ಮಾತು. ಇನ್ನೂ ಹುಟ್ಟದೇ ಇರುವುದರ ಮಾತು ಬೇರೆ.

1972ನ್ನೇ ನೋಡು. ಆಗ ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ‘ಬಂಗಾರದ ಮನುಷ್ಯ’ ಬಂದ ವರ್ಷ, ಹೊಲಕ್ಕೆ ಮರಳಿದವನ ಕಥೆ. ಅದೇ ವರ್ಷದ ಕೊನೆಯಲ್ಲಿ ‘ನಾಗರಹಾವು’ ಬಂತು, ಕೋಟೆಯ ಊರಿನ ಸಿಟ್ಟಿನ ಹುಡುಗನ ಕಥೆ. ಎರಡನ್ನೂ ಜನ ತಲೆಯ ಮೇಲೆ ಹೊತ್ತರು. ಆ ವರ್ಷದ ಅಲೆ ಯಾವುದು ಎಂದರೆ ಏನು ಹೇಳುತ್ತೀಯ? ಇತ್ತೀಚಿನದ್ದೇ ಬೇಕೆಂದರೆ 2022. ಏಪ್ರಿಲ್‌ನಲ್ಲಿ ಚಿನ್ನದ ಗಣಿಯ ‘ಕೆಜಿಎಫ್’ ಎರಡನೇ ಭಾಗ, ಜೂನ್‌ನಲ್ಲಿ ನಾಯಿಯ ಕಥೆ ‘777 ಚಾರ್ಲಿ’, ಸೆಪ್ಟೆಂಬರ್ ಕೊನೆಗೆ ‘ಕಾಂತಾರ’. ಮೊದಲನೆಯದೂ ಕೊನೆಯದೂ ಒಂದೇ ಸಂಸ್ಥೆಯವು. ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ತೆರೆಗೆ ಬಂತು, ಹಿಂದಿಯಲ್ಲಿ ಬಂದದ್ದು ಎರಡು ವಾರದ ಮೇಲೆ. ದೇಶವೆಲ್ಲ ದೈವದ ಕಥೆ ನೋಡುತ್ತದೆಂದು ಅದನ್ನು ಮಾಡಿದವರಿಗೇ ಮೊದಲೇ ಖಾತ್ರಿ ಇದ್ದಿದ್ದರೆ ಹಾಗೆ ಮಾಡುತ್ತಿದ್ದರೇ? ಈಗ ನಿನ್ನ ನಿರ್ಮಾಪಕರು ಅದನ್ನು ಪಂಚಾಂಗದಲ್ಲಿ ಬರೆದಿತ್ತು ಎಂಬಂತೆ ಮಾತನಾಡುತ್ತಾರೆ.

ವೆನಿಲಾ ಕಾಲ ನಿನಗೆ ನೆನಪಿರಲಿಕ್ಕಿಲ್ಲ, ತೀರಾ ಚಿಕ್ಕವನಿದ್ದೆ. 2003ರ ಹೊತ್ತಿಗೆ ಹಸಿ ಕೋಡಿನ ಬೆಲೆ ಕಿಲೋಗೆ 3000 ರೂಪಾಯಿ ದಾಟಿತ್ತು. ಕಾಫಿಗೆ ಬೆಲೆ ಇಲ್ಲದ ದಿನಗಳವು. ಪಕ್ಕದ ತೋಟದವರು ಸಾಲ ಮಾಡಿ ಬಳ್ಳಿ ತಂದು ಮರ ಮರಕ್ಕೆ ಹಬ್ಬಿಸಿದರು. ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು. ಹೂವಾದ ಮೇಲೆ ಬೆಳಿಗ್ಗೆಯೇ ಒಂದೊಂದಕ್ಕೂ ಕಡ್ಡಿಯಿಂದ ಪರಾಗ ಮುಟ್ಟಿಸಬೇಕು. ಅವರ ಮನೆಯ ಹೆಂಗಸರು ಕಡ್ಡಿ ಹಿಡಿದು ನಿಲ್ಲುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ನೀನು ಗುಡ್ಡದ ಕಥೆಯನ್ನು ಮಡಚಿಟ್ಟು ದೆವ್ವದ ಕಥೆ ಶುರುಮಾಡಿದ್ದೇನೆ ಎಂದು ಬರೆದಾಗ ನನಗೆ ಅವರೇ ಕಣ್ಣಮುಂದೆ ಬಂದರು. ನೀನು ಬರೆದು, ಹಣ ಕೂಡಿ, ಚಿತ್ರೀಕರಣ ಆಗಿ, ತೆರೆಗೆ ಬರುವಷ್ಟರಲ್ಲಿ ಎರಡು ಮೂರು ವರ್ಷ ಸುಲಭವಾಗಿ ಕಳೆಯುತ್ತದೆ. ತಡವಾಗುವ ಭಯಕ್ಕೆ ಓಡಿದವನೇ ನಿಜವಾಗಿ ತಡವಾಗಿ ತಲುಪುತ್ತಾನಲ್ಲ ಎಂಬುದು ನನ್ನ ಸಂಕಟ.

‘ಓಂ’ ಬಂದದ್ದು 1995ರಲ್ಲಿ. ಅದು ಹೊಸದಾಗಿತ್ತು, ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದರು, ತಾಯಿಯ ಕಣ್ಣೀರೂ ಇತ್ತು. ನನ್ನ ಕಿಟಕಿಯಲ್ಲೂ ಸಾಲು ಇತ್ತು. ಆಮೇಲೆ ಮಚ್ಚು ಲಾಂಗಿನ ಸಿನಿಮಾಗಳು ಒಂದರ ಹಿಂದೆ ಒಂದು ಬಂದವು. ಗಂಡಸರ ಕಿಟಕಿಯಲ್ಲಿ ಸಾಲು ಹಾಗೆಯೇ ಇತ್ತು. ನನ್ನ ಕಿಟಕಿಯಲ್ಲಿ ಮಾತ್ರ ಕೈಗಳು ಕಡಿಮೆಯಾದವು. ಬಂದವರೂ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದರು, ಮಧ್ಯಂತರದಲ್ಲೇ ಎದ್ದು ಹೋಗುತ್ತಿದ್ದರು. ಇದು ಇನ್ನು ಹೆಚ್ಚು ದಿನ ನಡೆಯದು ಎಂದು ನನಗೆ ಸ್ಪಷ್ಟವಾಗಿ ಗೊತ್ತಾಗಿತ್ತು. ಅದೇ ಹೊತ್ತಿಗೆ ನಿನ್ನ ದೊಡ್ಡಪ್ಪ ಅಂಥದ್ದೇ ಒಂದು ಸಿನಿಮಾದ ಹಂಚಿಕೆಗೆ ಪಾಲು ಹಾಕಲು ಹೊರಟರು. ಆ ಪಾಲಿಗಾಗಿ ಕೈಬಿಟ್ಟ ಕೆಳಗಿನ ಗದ್ದೆಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತು, ಮತ್ತೆ ಬೇಡ. ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅವರು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ಬಾಯಿಯ ತುದಿಯವರೆಗೆ ಆ ಮಾತು ಬಂದಿತ್ತು. ಹೆಂಗಸರು ಬರುತ್ತಿಲ್ಲ, ಬೇಡಿ ಎನ್ನಬೇಕಿತ್ತು. ತಲೆಗಳನ್ನು ಲೆಕ್ಕ ಹಾಕುವವರು ಅವರು, ನನ್ನ ಕಿಟಕಿಯ ಲೆಕ್ಕವನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಸುಮ್ಮನಾದೆ. ಈಗ ಅವರೂ ಇಲ್ಲ. ನಿನ್ನ ಪತ್ರ ಓದುವಾಗ ನಾನು ಇಷ್ಟು ತಳಮಳಿಸಿದ್ದು ಅದಕ್ಕೇ ಇರಬೇಕು. ಇನ್ನೊಮ್ಮೆ ಸುಮ್ಮನಿರಲು ನನ್ನಿಂದಾಗದು.

ಆ ಮಚ್ಚಿನ ಕಾಲ ಮುಗಿಯುವ ಹೊತ್ತಿಗೆ ಏನು ಬಂತು ಗೊತ್ತಲ್ಲ, 2006ರ ಕೊನೆಯಲ್ಲಿ ‘ಮುಂಗಾರು ಮಳೆ’. ನಮ್ಮ ಮಡಿಕೇರಿ, ನಮ್ಮದೇ ಮಳೆ. ವರ್ಷದ ಆರು ತಿಂಗಳು ನಾವು ಶಪಿಸುವ ಮಳೆಯನ್ನು ನೋಡಲು ಜನ ದುಡ್ಡು ಕೊಟ್ಟು ಬಂದರು. ನನ್ನ ಕಿಟಕಿಗೆ ಕೈಗಳು ಮರಳಿದವು. ಅದಾದ ಮೇಲೆ ಎಲ್ಲರೂ ಮಳೆಯಲ್ಲಿ ನೆನೆಯುವ ಪ್ರೇಮಕಥೆ ಮಾಡಿದರು. ಅವುಗಳಲ್ಲಿ ಎಷ್ಟರ ಹೆಸರು ನಿನಗೆ ನೆನಪಿದೆ ಹೇಳು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. 1990ರಲ್ಲಿ ‘ಮುತ್ತಿನ ಹಾರ’ ಬಂತು. ಕೊಡಗಿನ ಸಿಪಾಯಿಯ ಕಥೆ, ವಿಷ್ಣುವರ್ಧನ್ ಮತ್ತು ಸುಹಾಸಿನಿ. ಅದರ ಹಿಂದೆ ಯಾವ ಅಲೆಯೂ ಏಳಲಿಲ್ಲ, ಸೈನಿಕರ ಸಿನಿಮಾಗಳು ಸಾಲುಗಟ್ಟಿ ಬರಲಿಲ್ಲ. ಸೇನೆಯಲ್ಲಿ ಗಂಡನೋ ಮಗನೋ ಇರುವ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿವೆ ಎಂದು ನಿನಗೆ ಹೇಳಬೇಕಾಗಿಲ್ಲ. ಮ್ಯಾಟಿನಿ ಮುಗಿದು ದೀಪ ಹತ್ತಿಸಿದ ಮೇಲೂ ಒಬ್ಬ ಹೆಂಗಸು ಬೆಂಚಿನಿಂದ ಎದ್ದಿರಲಿಲ್ಲ. ಕಸ ಗುಡಿಸುವ ಹುಡುಗ ಬಂದು ನನ್ನನ್ನು ಕರೆದ. ಹೋಗಿ ಪಕ್ಕದಲ್ಲಿ ಕುಳಿತೆ. ಅವಳು ಏನೂ ಹೇಳಲಿಲ್ಲ, ಮುಂದಿನ ಆಟಕ್ಕೆ ಟಿಕೆಟ್ ದುಡ್ಡು ನನ್ನ ಕೈಗಿಟ್ಟಳು. ಆಕೆಯ ಹತ್ತಿರ ಹೋಗಿ ಈ ಸಿನಿಮಾ ಟ್ರೆಂಡ್ ಆಗಲಿಲ್ಲ ತಾಯಿ ಎಂದು ನಿನ್ನ ನಿರ್ಮಾಪಕರು ಹೇಳಲಿ ನೋಡೋಣ.

ಅಲೆಯ ಲೆಕ್ಕ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿನಗೆ ಬಾಡಿಗೆ ಕಟ್ಟಬೇಕು. ನನ್ನ ಊಹೆಯನ್ನೂ ಕೇಳಿದ್ದೀಯ, ಹೇಳಿಬಿಡುತ್ತೇನೆ. ಒಬ್ಬರೇ ಮೊಬೈಲಿನಲ್ಲಿ ನೋಡಿ ಮುಗಿಸಬಹುದಾದದ್ದಕ್ಕೆ ಜನ ಇನ್ನು ಚಿತ್ರಮಂದಿರಕ್ಕೆ ಬರುವುದಿಲ್ಲ. ಕೊಲೆಗಾರ ಯಾರು ಎಂದು ಹುಡುಕುವ ಕಥೆಗಳು ಮನೆಯಲ್ಲೇ ಉಳಿಯುತ್ತವೆ. ಒಟ್ಟಿಗೆ ಕುಳಿತು ಮಾಡಬೇಕಾದದ್ದು ಮೂರು ಇವೆ, ಹೆದರುವುದು, ನಗುವುದು, ಕೈಮುಗಿಯುವುದು. 2025ರ ಜುಲೈ 25ರಂದು ಒಂದೇ ದಿನ ಎರಡು ಸಿನಿಮಾ ಬಂದವು, ಕರಾವಳಿಯ ಸಣ್ಣ ಊರಿನ ದೆವ್ವದ ನಗುವಿನ ‘ಸು ಫ್ರಮ್ ಸೋ’ ಮತ್ತು ನಟರ ಬದಲು ಕಂಪ್ಯೂಟರಿನ ಚಿತ್ರಗಳಿಂದಲೇ ಮಾಡಿದ ನರಸಿಂಹನ ಪುರಾಣ ‘ಮಹಾವತಾರ್ ನರಸಿಂಹ’. ದೊಡ್ಡ ನಟರಿಲ್ಲದೆ ಎರಡೂ ತುಂಬಿ ಓಡಿದವು. 1954ರ ‘ಬೇಡರ ಕಣ್ಣಪ್ಪ’ದ ಕಾಲದ ಪುರಾಣ ಬೇರೆ ವೇಷದಲ್ಲಿ ಮರಳಿದೆ ಎಂದು ನನಗನ್ನಿಸಿತು. ಇನ್ನು ಕೆಲವು ವರ್ಷ ಈ ಎರಡೂ ನಡೆಯುತ್ತವೆ. ಎಲ್ಲರೂ ಅದನ್ನೇ ಮಾಡಿ ಜನ ಬಳಲಿದ ಮೇಲೆ, ಮನೆ ಮಂದಿ ಕೂಡಿ ಅಳುವ ಕಥೆ ಬರುತ್ತದೆ ಎಂದು ನನ್ನ ಮನಸ್ಸು ಹೇಳುತ್ತದೆ. ಹೆಂಗಸರು ಬಹಳ ದಿನದಿಂದ ಚಿತ್ರಮಂದಿರದಲ್ಲಿ ಚೆನ್ನಾಗಿ ಅತ್ತಿಲ್ಲ. ಆದರೆ ಈ ಮಾತನ್ನು ನಂಬಿಕೊಂಡು ನೀನು ಅಳುವ ಕಥೆ ಬರೆಯಲು ಕೂರಬೇಡ. ಹಾಗೆ ಮಾಡಿದರೆ ಮತ್ತೆ ಅದೇ ಭಯದ ಹಿಂದೆ ಓಡಿದಂತೆ ಆಗುತ್ತದೆ.

ದೆವ್ವದ ಕಥೆಯನ್ನು ಸಂಬಳಕ್ಕೆ ಬರೆದುಕೊಡು, ತಪ್ಪೇನಿಲ್ಲ, ಮುಂಗಡ ಮಾತ್ರ ಕೈಗೆ ಬಂದ ಮೇಲೆ ಕುಳಿತುಕೋ. ಗುಡ್ಡದ ಕಥೆಗೆ ದಿನಕ್ಕೆ ಒಂದು ಗಂಟೆಯಾದರೂ ಇಡು, ಬೆಳಗಿನ ಹೊತ್ತಾದರೆ ಒಳ್ಳೆಯದು, ಅದು ನಿನಗೆ ಆಗುತ್ತದೋ ಇಲ್ಲವೋ. ಮಾಲ್‌ನಲ್ಲಿ ಸಿನಿಮಾ ನೋಡಿ ಜನರನ್ನು ಅಳೆಯಬೇಡ. ಕುಶಾಲನಗರದ್ದೋ ಹುಣಸೂರಿನದ್ದೋ ಬಸ್ ಹತ್ತಿ ಮಧ್ಯಾಹ್ನದ ಆಟಕ್ಕೆ ಹೋಗು, ತೆರೆಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಮುಖಗಳನ್ನು ನೋಡು. ಇದೆಲ್ಲ ನಿನ್ನ ಕೆಲಸದವರಿಗೆ ಹಳೆಯ ಮಾತೆನಿಸಬಹುದು, ಬೇಡವೆನಿಸಿದರೆ ಬಿಡು. ಹೊಟ್ಟೆನೋವಿಗೆ ಮಾತ್ರ ಡಾಕ್ಟರಿಗೆ ತೋರಿಸು, ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿಯಬೇಡ.

ಕಾಲ ಹೋಯಿತೆಂಬ ಆ ಮಾತನ್ನು ನಿನ್ನ ಅಮ್ಮನಿಗೆ ಬರೆಯಬೇಡ. ಬರೆಯಬೇಕೆನಿಸಿದರೆ ನನಗೇ ಬರೆ, ಎಷ್ಟು ಸಲವಾದರೂ ಬರೆ. ಬೆಂಗಳೂರಿನಲ್ಲಿ ಓಡಿ ಹಳೆಯದಾದ ಸಿನಿಮಾ ನಮ್ಮ ಟಾಕೀಸಿಗೆ ಬರುವಾಗ ರೀಲಿನ ತುಂಬ ಗೀರು ಬಿದ್ದಿರುತ್ತಿತ್ತು. ಇಲ್ಲಿಯ ಜನ ಅದನ್ನು ಅವತ್ತೇ ಬಿಡುಗಡೆಯಾಯಿತು ಎಂಬಂತೆ ನೋಡುತ್ತಿದ್ದರು. ನಾವು ಯಾವತ್ತೂ ಕೊನೆಗೇ ನೋಡಿದವರು ಪುಟ್ಟ, ಅದರಿಂದ ನಮಗೆ ಏನೂ ಕಡಿಮೆಯಾಗಲಿಲ್ಲ.

ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿದೆ, ಆಳುಗಳು ಸಿಗುತ್ತಿಲ್ಲ. ಹುತ್ತರಿ ಹಬ್ಬಕ್ಕೆ ಬರುವುದಾದರೆ ಗುಡ್ಡದ ಕಥೆಯ ಹಾಳೆಗಳನ್ನು ತಂದು ಓದಿ ಹೇಳು. ಬರಲಾಗದಿದ್ದರೆ ಅಂಚೆಯಲ್ಲಿ ಕಳುಹಿಸು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸು, ಮೊಬೈಲಿನಲ್ಲಿ ಅಷ್ಟುದ್ದ ಓದಲು ನನ್ನ ಕಣ್ಣಿಗೆ ಆಗುವುದಿಲ್ಲ. ಪ್ರಿಂಟಿನ ದುಡ್ಡನ್ನು ಈ ವಾರವೇ ನಿನ್ನ ಖಾತೆಗೆ ಹಾಕಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ