ಹಳೆ ಕಾರ್ಖಾನೆಯ ನೆಲ: ಅಗೆಯುವ ಮೊದಲು ಅಳೆಯಿರಿ

ಮಾನ್ಯ ಸಂಪಾದಕರೇ,

ಒಂದು ಕಾಲಕ್ಕೆ ಊರಾಚೆ ಇದ್ದ ಕಾರ್ಖಾನೆಗಳು ನಗರ ಬೆಳೆದಂತೆ ಅದರ ನಡುವೆ ಸಿಕ್ಕಿಕೊಳ್ಳುತ್ತವೆ. ಅವು ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಮನೆಗಳನ್ನೋ ಉದ್ಯಾನವನ್ನೋ ಮಾಡುವ ಯೋಜನೆ ಬರುತ್ತದೆ. ಮೇಲಿನ ಮೂರಡಿ ಮಣ್ಣು ತೆಗೆದು ಹೊಸ ಮಣ್ಣು ತುಂಬಿದರೆ ಸಾಕೆಂಬ ಮಾತೂ ಅದರ ಜೊತೆಗೇ ಬರುತ್ತದೆ. ಅಷ್ಟು ಸಾಲದು. ಏನು, ಎಲ್ಲಿ, ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯದೆ ಜೆಸಿಬಿ ಇಳಿಸಿದರೆ ವಿಷ ಇನ್ನಷ್ಟು ಹರಡುತ್ತದೆ.

ಕಟ್ಟಡ ಕೆಡವುವ ಮೊದಲೇ ಹಳೆಯ ನಕ್ಷೆ ಹಿಡಿದು ಲೋಹಲೇಪನದ ತೊಟ್ಟಿ, ಬಿಡಿಭಾಗಗಳ ಗ್ರೀಸ್ ತೊಳೆಯುತ್ತಿದ್ದ ಜಾಗ, ನೆಲದಡಿಯ ಡೀಸೆಲ್ ಟ್ಯಾಂಕ್, ಟ್ರಾನ್ಸ್‌ಫಾರ್ಮರ್ ಅಂಗಳ, ಕೊಳಚೆ ಪೈಪಿನ ಜೋಡಣೆಗಳನ್ನು ಗುರುತಿಸಬೇಕು. ಕೆಡವಿದ ಮೇಲೆ ಆ ಸುಳಿವುಗಳು ಸಿಗುವುದಿಲ್ಲ. ಉಳಿದ ಜಾಗವನ್ನು 15–20 ಮೀಟರಿನ ಚೌಕಗಳಾಗಿ, ಅನುಮಾನವಿರುವ ಕಡೆ 5 ಮೀಟರಿನ ಚೌಕಗಳಾಗಿ ವಿಂಗಡಿಸಿ, ಮೇಲ್ಪದರ, ಅರ್ಧ ಮೀಟರ್, 1 ಮೀಟರ್, 2 ಮೀಟರ್ ಹೀಗೆ ಶುದ್ಧ ಮಣ್ಣು ಸಿಗುವವರೆಗೂ ಮಾದರಿ ತೆಗೆಯಬೇಕು.

ಖರ್ಚು ಉಳಿಸಲು ಹತ್ತು ಕಡೆಯ ಮಣ್ಣನ್ನು ಬೆರೆಸಿ ಒಂದೇ ಮಾದರಿಯಾಗಿ ಕಳಿಸುವ ರೂಢಿಯನ್ನು ಇಲ್ಲಿ ಒಪ್ಪಲೇಬಾರದು. ಒಂದು ಕಡೆ ಕಿಲೋ ಮಣ್ಣಿಗೆ 500 ಮಿಲಿಗ್ರಾಂ ಕ್ರೋಮಿಯಂ, ಮಿಕ್ಕ ಒಂಬತ್ತು ಕಡೆ 10 ಮಿಲಿಗ್ರಾಂ ಇದ್ದರೆ ವರದಿಯಲ್ಲಿ ಕಾಣುವುದು 59 ಮಾತ್ರ. ಅಪಾಯದ ಜಾಗ ಸರಾಸರಿಯಲ್ಲಿ ಮುಚ್ಚಿಹೋಯಿತು. ಟ್ರೈಕ್ಲೋರೋಇಥಿಲೀನ್‌ನಂಥ ಆವಿಯಾಗುವ, ಗ್ರೀಸ್ ತೊಳೆಯುವ ದ್ರಾವಕಗಳಿದ್ದಲ್ಲಿ ಮಣ್ಣು ಕಲಸುವುದೇ ತಪ್ಪು, ಬಕೆಟ್ಟಿನಲ್ಲೇ ಅರ್ಧ ಆರಿಹೋಗುತ್ತದೆ. ಸುಮಾರು 5 ಗ್ರಾಂ ಮಣ್ಣನ್ನು ಕೊಳವೆಯಲ್ಲಿ ತೆಗೆದು ಅಲ್ಲೇ ಮೆಥನಾಲ್ ಸೀಸೆಗೆ ಹಾಕಿ, 4 ಡಿಗ್ರಿ ತಂಪಿನಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.

ಅಂತರ್ಜಲ ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ ಮೂರು ವೀಕ್ಷಣಾ ಕೊಳವೆಗಳು ಬೇಕು, ಅವು ಒಂದೇ ಸಾಲಿನಲ್ಲಿರಬಾರದು. ಡೀಸೆಲ್ ನೀರಿನ ಮೇಲೆ ತೇಲುತ್ತದೆ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರವಾದ ಟ್ರೈಕ್ಲೋರೋಇಥಿಲೀನ್ ತಳಕ್ಕಿಳಿದು ಜೇಡಿಪದರದ ಅಥವಾ ಬಂಡೆಯ ಮೇಲೆ ನಿಲ್ಲುತ್ತದೆ. ಮೇಲಿನ ಭಾಗಕ್ಕೆ ಕೇಸಿಂಗ್ ಇಳಿಸಿ ಬಂದೋಬಸ್ತ್ ಮಾಡದೆ ಆ ಜೇಡಿಪದರವನ್ನು ಕೊರೆದರೆ, ತಪಾಸಣೆಯ ರಂಧ್ರವೇ ವಿಷ ಕೆಳಗಿಳಿಯುವ ದಾರಿಯಾಗುತ್ತದೆ.

ಚಿಕಿತ್ಸೆಯ ಆಯ್ಕೆಯಲ್ಲಂತೂ ಇನ್ನೂ ಎಚ್ಚರ ಬೇಕು. ನೀರಿನಲ್ಲಿ ಸುಲಭವಾಗಿ ಕರಗುವ, ಹೆಚ್ಚು ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಕಡಿಮೆ ಅಪಾಯದ ಟ್ರೈವೇಲೆಂಟ್ ರೂಪಕ್ಕೆ ತರಲು ಫೆರಸ್ ಸಲ್ಫೇಟ್ ಬಳಸುತ್ತಾರೆ. ಲೆಕ್ಕದ ಪ್ರಕಾರ 1 ಕಿಲೋ ಕ್ರೋಮಿಯಂಗೆ ಸುಮಾರು 16 ಕಿಲೋ ಫೆರಸ್ ಸಲ್ಫೇಟ್ ಹರಳು ಬೇಕು. ಗಾಳಿಯ ಆಮ್ಲಜನಕವೂ ಅದರಲ್ಲಿ ಪಾಲು ತಿನ್ನುವುದರಿಂದ ನಿಜವಾಗಿ ಹಿಡಿಯುವುದು ಇನ್ನೂ ಹೆಚ್ಚು. ಪಕ್ಕದಲ್ಲೇ ದ್ರಾವಕವೂ ಇಳಿದಿದ್ದು, ಅದನ್ನು ಒಡೆಯಲು ಪರ್ಮಾಂಗನೇಟ್ ಎಂಬ ಪ್ರಬಲ ಉತ್ಕರ್ಷಕವನ್ನು ಸುರಿದರೆ ಶಾಂತವಾಗಿದ್ದ ಕ್ರೋಮಿಯಂ ಮತ್ತೆ ಹೆಕ್ಸಾವೇಲೆಂಟ್ ಆಗಿ ನೀರಿಗೆ ಸೇರುತ್ತದೆ. ಒಂದನ್ನು ಗುಣಪಡಿಸುವ ಮದ್ದು ಇನ್ನೊಂದನ್ನು ಕೆಣಕುವುದು ಹೀಗೆ. ಸೀಸವನ್ನು ಸಿಮೆಂಟಿನಲ್ಲಿ ಬಂಧಿಸುವಾಗಲೂ ಇದೇ ಕಥೆ: ಸಿಮೆಂಟ್ ಅತಿಯಾಗಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 12 ದಾಟಿದರೆ ಸೀಸ ಮತ್ತೆ ಕರಗತೊಡಗುತ್ತದೆ. ಆದ್ದರಿಂದ ಆ ಜಾಗದ ಮಣ್ಣಿನಲ್ಲೇ ಮೊದಲು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸದೆ ಟೆಂಡರ್ ಕರೆಯಬಾರದು.

ಅಗೆಯಲೇಬೇಕಾದಲ್ಲಿ ಮಳೆಗಾಲ ಬಿಟ್ಟು ಅಗೆಯಿರಿ. 1,000 ಘನಮೀಟರ್ ನೆಲ ಅಗೆದರೆ ಸಡಿಲ ಮಣ್ಣು 1,200–1,300 ಘನಮೀಟರ್ ಆಗುತ್ತದೆ, ತೂಕ ಸುಮಾರು 1,700 ಟನ್. 17 ಟನ್ ಹೊರುವ ಲಾರಿಗೆ ನೂರು ಸರತಿ. ಪ್ರತಿ ಲಾರಿಗೂ ಟಾರ್ಪಾಲಿನ ಹೊದಿಕೆ, ಗೇಟಿನಲ್ಲಿ ಚಕ್ರ ತೊಳೆಯುವ ತೊಟ್ಟಿ, ತೂಕದ ಚೀಟಿ ಇರಬೇಕು, ಹೊರಟ ತೂಕ ಇಳಿಸಿದ ತೂಕಕ್ಕೆ ತಾಳೆಯಾಗಬೇಕು. ಗುಂಡಿಯಲ್ಲಿ ನಿಂತ ನೀರನ್ನು ಚರಂಡಿಗೆ ಬಿಡದೆ ಸಂಸ್ಕರಿಸಬೇಕು. ಗುಂಡಿಯ ತಳ ಮತ್ತು ನಾಲ್ಕೂ ಬದಿಗಳ ಪರೀಕ್ಷಾ ವರದಿ ಬರುವವರೆಗೆ ಅದನ್ನು ತುಂಬಬಾರದು. ಆ ಮಾದರಿಯನ್ನು ಅಗೆದ ಗುತ್ತಿಗೆದಾರನೇ ತೆಗೆಯುವಂತಿಲ್ಲ.

ನೀರೆತ್ತಿ ಶುದ್ಧೀಕರಿಸುವ ಕಡೆ ಪಂಪ್ ನಿಲ್ಲಿಸಿದ ಮೇಲೆ ವಿಷದ ಪ್ರಮಾಣ ಮತ್ತೆ ಏರುವುದುಂಟು, ಜೇಡಿಯೊಳಗೆ ಅಡಗಿದ್ದದ್ದು ನಿಧಾನವಾಗಿ ಹೊರಬರುತ್ತದೆ. ಪಂಪ್ ನಿಂತ ಮೇಲೂ ಕನಿಷ್ಠ ಒಂದು ವರ್ಷ, ಮಳೆಗಾಲ ಬೇಸಿಗೆ ಎರಡರಲ್ಲೂ, ನೀರು ಪರೀಕ್ಷಿಸದೆ ಶುದ್ಧವೆಂಬ ಪತ್ರ ಕೊಡಬಾರದು.

ಎಲ್ಲವನ್ನೂ ತೆಗೆಯಲಾಗದೆ ಮುಚ್ಚಿಡುವ ಕಡೆ ದಾಖಲೆಯೇ ಮುಖ್ಯ. ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್‌ನಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯವನ್ನು ಹೂತು, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ವಹಿಸಲಾಯಿತು. ಅಲ್ಲಿ ಶಾಲೆ, ಸುತ್ತ ಮನೆಗಳು ಎದ್ದವು. ನಿರ್ಮಾಣ ಕಾಮಗಾರಿಗಳು ಜೇಡಿಯ ಮುಚ್ಚಳವನ್ನು ಭೇದಿಸಿದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ತೆರವುಗೊಳಿಸಬೇಕಾಯಿತು. ಹೀಗಾಗದಿರಲು ಹೂತದ್ದೇನು, ಎಷ್ಟು ಆಳದಲ್ಲಿ, ಅಲ್ಲಿ ಕೊಳವೆಬಾವಿ ಮತ್ತು ನೆಲಮಾಳಿಗೆ ನಿಷಿದ್ಧ ಎಂಬುದನ್ನು ಜಮೀನಿನ ದಾಖಲೆಯಲ್ಲೂ ಕ್ರಯಪತ್ರದಲ್ಲೂ ಕಡ್ಡಾಯವಾಗಿ ಬರೆಯಿಸಬೇಕು. ಶುದ್ಧ ಮಣ್ಣಿಗೂ ಕೆಳಗಿನ ಕಲುಷಿತ ಮಣ್ಣಿಗೂ ನಡುವೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಹಾಳೆ ಹಾಸಬೇಕು, ಮುಂದೆ ಪೈಪ್ ಹಾಕಲು ಅಗೆಯುವವರು ಅದನ್ನು ಕಂಡೊಡನೆ ನಿಲ್ಲಿಸುವಂತೆ.

– ಮಣ್ಣು ಹಾಗೂ ಅಂತರ್ಜಲ ಪರೀಕ್ಷೆಯಲ್ಲಿ ತೊಡಗಿರುವ ಎಂಜಿನಿಯರುಗಳು