ಮುಳ್ಳು ಇಳಿಯುವ ಮೊದಲು ಕಪ್ಲಿಂಗ್ ಮುಟ್ಟಬೇಡ

ಚಿರಂಜೀವಿ ಪುಟ್ಟಿಗೆ, ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ಮನೆಯ ಸುದ್ದಿ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಕೇಸಿಂಗ್ ಎಂಬ ದೊಡ್ಡ ಹೊರಕೊಳವೆಗೂ ಅದರೊಳಗಿನ ಪೈಪಿಗೂ ನಡುವಿನ ಸಂದಿಗೆ ಹೋಸಿನಲ್ಲಿ ಗ್ರೌಟ್ (ಸಿಮೆಂಟು, ಬೂದಿ, ನೀರಿನ ತೆಳು ಗಾರೆ) ಪಂಪ್ ಮಾಡುವಾಗ ಒತ್ತಡದ ಗೇಜಿನ ಮುಳ್ಳು 6ರಿಂದ 14 ಬಾರ್‌ಗೆ ಹಾರಿತು, ಮೇಸ್ತ್ರಿ ಹೋಸಿನ ತುಂಡುಗಳನ್ನು ಸೇರಿಸುವ ‘ಕಪ್ಲಿಂಗ್ ಬಿಚ್ಚಿ ನೋಡೋಣ’ ಅಂದರು, ಏನು ಹೇಳಬೇಕೋ ತಿಳಿಯದೆ ಸುಮ್ಮನಿದ್ದೆ ಎಂದು ಬರೆದಿದ್ದೀಯ. ‘ಇನ್ನೊಮ್ಮೆ ಲೈನ್ ಕಟ್ಟಿಕೊಂಡರೆ ಏನು ಮಾಡಲಿ’ ಎಂದು ಕೇಳಿದ್ದೀಯ. ಲೈನ್ ಕಟ್ಟಿಕೊಳ್ಳುವುದು, ಅಂದರೆ ಹೋಸಿನೊಳಗೆ ಗ್ರೌಟ್ ಗಂಟಾಗಿ ಸಿಕ್ಕಿಕೊಳ್ಳುವುದು, ಅಷ್ಟು ದೊಡ್ಡ ವಿಷಯವಲ್ಲ. ಅದನ್ನು ಬಿಚ್ಚುವ ಕೈಯದ್ದೇ ನನಗೆ ಚಿಂತೆ.

ಲೆಕ್ಕ ಹಾಕಿ ನೋಡು. 50 ಎಂಎಂ ಹೋಸಿನ ಬಾಯಿಗೆ 14 ಬಾರ್ ಅಂದರೆ ಸುಮಾರು 280 ಕೆಜಿ ತಳ್ಳು. ಕಪ್ಲಿಂಗನ್ನು ಬಿಗಿದು ಹಿಡಿಯುವ ಕಿವಿ ಸಡಿಲವಾದ ಕ್ಷಣಕ್ಕೆ ಅದು ಹಾರುತ್ತದೆ, ಹಿಂದೆಯೇ ಹೋಸ್ ಬಡಿಯುತ್ತದೆ, ಜೊತೆಗೆ ಗ್ರೌಟ್ ಮುಖಕ್ಕೆ ಚಿಮ್ಮುತ್ತದೆ. ಸಿಮೆಂಟಿನ ಹಾಲು ಬಲವಾದ ಕ್ಷಾರ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಬಿದ್ದ ಕೂಡಲೇ ರೆಪ್ಪೆ ಬಿಡಿಸಿ ಕನಿಷ್ಠ 20 ನಿಮಿಷ ಶುದ್ಧ ನೀರು ಹರಿಸುತ್ತಲೇ ಇರಬೇಕು, ಆಮೇಲೆ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಪಂಪಿನ ಪಕ್ಕ ಒಂದು ಕ್ಯಾನ್ ಕುಡಿಯುವ ನೀರು ಅದಕ್ಕೆಂದೇ ಇರಲಿ. ಮಿಕ್ಸರ್ ತೊಳೆಯಲು ಯಾರೂ ಅದನ್ನು ಮುಟ್ಟಬಾರದು.

ನಾನು ಸುರಂಗದ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ಹೀಗೇ ಕಪ್ಲಿಂಗ್ ಬಿಚ್ಚಲು ಹೋದ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಬೇಡ ಎನ್ನಲಿಲ್ಲ. ಅವನ ಬಲಗಣ್ಣು ಉಳಿಯಲಿಲ್ಲ. ಇದನ್ನು ನಿನಗೆ ಮೊದಲೇ ಹೇಳಬೇಕಿತ್ತು.

ಮುಳ್ಳು ಏರಿದರೆ ಪಂಪ್ ನಿಲ್ಲಿಸು. ‘ಇನ್ನೊಂದು ಸಲ ಒತ್ತಿ ನೋಡೋಣ’ ಎಂದು ಯಾರೇ ಅಂದರೂ ಒತ್ತಬೇಡ, ಒತ್ತಿದಷ್ಟೂ ಗಂಟಿನಿಂದ ನೀರು ಹಿಂಡಿ ಹೋಗಿ ಅದು ಇನ್ನಷ್ಟು ಬಿಗಿಯುತ್ತದೆ. ಪಂಪಿನ ಬಾಯಲ್ಲಿ ಅಜಿಟೇಟರಿಗೆ (ಕಲಸಿದ ಗ್ರೌಟನ್ನು ತಿರುಗಿಸುತ್ತಿರುವ ತೊಟ್ಟಿಗೆ) ವಾಪಸ್ ಹೋಗುವ ವಾಲ್ವ್ ಇರಬೇಕು, ಅದನ್ನು ತೆರೆ. ನಿಮ್ಮದು ಸ್ಕ್ರೂ ಪಂಪ್ ಎಂದು ಬರೆದಿದ್ದೀಯ. ಉಲ್ಟಾ ತಿರುಗಿಸುವ ಸ್ವಿಚ್ ಇದ್ದರೆ ಕೆಲವು ಸುತ್ತು ಹಿಂದಕ್ಕೆ ಎಳೆ, ಎಷ್ಟೋ ಸಲ ಗಂಟು ಅಷ್ಟಕ್ಕೇ ಬಿಡುತ್ತದೆ. ಆದರೆ ಒಣಗಾಗಿ ಓಡಿಸಬೇಡ, ಸ್ಕ್ರೂ ಸುತ್ತಲಿನ ಸ್ಟೇಟರಿನ ರಬ್ಬರು ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ.

ಮುಳ್ಳು ಸೊನ್ನೆಗೆ ಬಂದ ಮೇಲೂ ನಂಬಬೇಡ. ಆ ಗೇಜು ಪಂಪಿನಿಂದ ಗಂಟಿನವರೆಗಿನ ಮಾತನ್ನಷ್ಟೇ ಹೇಳುತ್ತದೆ. ಎರಡು ಕಡೆ ಕಟ್ಟಿಕೊಂಡಿದ್ದರೆ ನಡುವಿನ ತುಂಡಿನಲ್ಲಿ ಒತ್ತಡ ಹಾಗೇ ಕೂತಿರುತ್ತದೆ. ಪಂಪಿನ ಕಡೆಯಿಂದ ಹೋಸನ್ನು ಒತ್ತುತ್ತಾ ನಡೆ. ಮೆತ್ತಗಿದ್ದದ್ದು ಎಲ್ಲಿ ಕಲ್ಲಿನಂತಾಗುತ್ತದೋ ಅಲ್ಲಿಂದ ಮುಂದಿನದ್ದೆಲ್ಲ ಒತ್ತಡದಲ್ಲಿದೆ ಎಂದೇ ತಿಳಿ. ಬಿಚ್ಚಬೇಕಾದದ್ದು ಅದಕ್ಕಿಂತ ಹಿಂದಿನ, ಮೆತ್ತಗಿರುವ ಕಡೆಯ ಕಪ್ಲಿಂಗ್. ಅದರ ಮೇಲೆ ಒದ್ದೆ ಗೋಣಿಚೀಲ ಮುಚ್ಚಿ, ಕನ್ನಡಕ ಹಾಕಿ, ಬಾಯಿಯ ನೇರಕ್ಕಲ್ಲದೆ ಪಕ್ಕದಲ್ಲಿ ನಿಂತು, ಒಂದು ಕಿವಿಯನ್ನು ಸ್ವಲ್ಪವೇ ಸಡಿಲಿಸಬೇಕು. ಉಸ್ಸೆಂದರೆ ಕೈ ಬಿಟ್ಟು ಹಿಂದೆ ಸರಿಯಬೇಕು. ಹೋಸಿನ ಮೇಲೆ ಕಾಲು ದಾಟಿ ನಿಲ್ಲಬಾರದು. ಪ್ರತಿ ಜೋಡಣೆಗೂ ಎರಡೂ ಕಡೆ ಹಿಡಿಯುವ ತಂತಿಹಗ್ಗ ಕಟ್ಟಿಸು.

ಕಂಪ್ರೆಸರ್ ಗಾಳಿ ಬಿಟ್ಟು ಗಂಟು ತಳ್ಳುತ್ತೇವೆ ಎಂದರೆ ಅಲ್ಲಿಂದ ಎಲ್ಲರನ್ನೂ ಎಬ್ಬಿಸಿಕೊಂಡು ಹೋಗು. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗಿ ಹೊಂಚು ಹಾಕುತ್ತದೆ. ಗಂಟು ಬಿಟ್ಟಾಗ ಅದು ಗುಂಡಿನ ಹಾಗೆ ಹೊರಡುತ್ತದೆ.

ಕಟ್ಟಿಕೊಳ್ಳುವುದು ಏಕೆ ಎಂಬುದಕ್ಕೆ ನಾನು ಒಂದೊಂದೇ ನೆನಪಿಸಿಕೊಂಡು ಬರೆಯುತ್ತೇನೆ, ಕ್ರಮ ತಪ್ಪಿದರೆ ಬೇಸರಿಸಬೇಡ. ಹನಿಹನಿಯಾಗಿ ಸೋರುವ ಕಪ್ಲಿಂಗ್ ಮೊದಲ ಕಳ್ಳ: ನೀರು ಹೊರಗೆ ಹೋಗುತ್ತದೆ, ಪುಡಿ ಒಳಗೆ ಉಳಿಯುತ್ತದೆ, ಅಲ್ಲೇ ಗೋಡೆ ಕಟ್ಟುತ್ತದೆ. ವಾಷರ್ ಹಳೆಯದಾಗಿದ್ದರೆ ಅದೇ ದಿನ ಬದಲಿಸು. ಚೀಲದ ದಾರ, ಪ್ಲಾಸ್ಟಿಕ್ ಎಳೆ, ಮಳೆಗೆ ಗಟ್ಟಿಯಾದ ಸಿಮೆಂಟಿನ ಗಡ್ಡೆ, ಇವಕ್ಕೆ ಮಿಕ್ಸರಿನಿಂದ ಅಜಿಟೇಟರಿಗೆ ಬೀಳುವಲ್ಲಿ ಜರಡಿ ಬೇಕು. 50ರಿಂದ ಏಕಾಏಕಿ 38 ಎಂಎಂಗೆ ಇಳಿಸಿದ ಜಾಗವೂ ಗಂಟಿನ ಮನೆ. ಆಮೇಲೆ ಬಿಸಿಲು. ಕಪ್ಪು ಹೋಸು 300 ಮೀಟರ್ ಬಯಲಲ್ಲಿ ಬಿದ್ದಿರುತ್ತದೆ, ಏಪ್ರಿಲ್ ಮಧ್ಯಾಹ್ನ ಅದರ ಮೈ ಮುಟ್ಟಲಾಗದು. ಒದ್ದೆ ಗೋಣಿ ಹೊದಿಸು, ಸಾಧ್ಯವಾದರೆ ಬೆಳಗಿನ ಆರಕ್ಕೆ ಶುರುಮಾಡು.

ರೈಲ್ವೆ ಜಾಗದಲ್ಲಿ ಮಿಕ್ಸರ್ ಇಡಲು ಬಿಡುವುದಿಲ್ಲವಾದ್ದರಿಂದ ಅಷ್ಟು ಉದ್ದದ ಲೈನ್ ಬಂದಿದೆ, ಅದು ನಿನ್ನ ತಪ್ಪಲ್ಲ. 50 ಎಂಎಂನಲ್ಲಿ ಮೀಟರಿಗೆ ಸುಮಾರು 2 ಲೀಟರ್, 300 ಮೀಟರಿಗೆ 590 ಲೀಟರ್. ನಿಮಿಷಕ್ಕೆ 60 ಲೀಟರ್ ಹೋದರೆ ಮಿಕ್ಸರಿನಿಂದ ಹೊರಟದ್ದು ಕೇಸಿಂಗಿನ ಬಾಯಿರುವ ಗುಂಡಿ ತಲುಪಲು ಹತ್ತು ನಿಮಿಷ. ಈ ಹತ್ತು ನಿಮಿಷ ನಿನ್ನ ನೆನಪಲ್ಲಿರಲಿ. ಗುಂಡಿಯಲ್ಲಿ ನಿಲ್ಲಿಸು ಎಂದು ಕೂಗಿದಾಗಲೂ ಹೋಸಿನ ತುಂಬ ಮಾಲು ಇರುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಗುಂಡಿಯ ತುದಿಯಿಂದ ಅಜಿಟೇಟರಿಗೆ ಇನ್ನೊಂದು ಹೋಸು ಹಾಕಿ ಸುತ್ತಿಸುತ್ತಲೇ ಇರಬೇಕು. ಅರ್ಧ ಗಂಟೆ ಅಲುಗದೆ ನಿಂತದ್ದನ್ನು ಉಳಿಸಲು ಹೋಗಬೇಡ, ಹೊರಗೆ ಚೆಲ್ಲಿ ನೀರು ಹೊಡೆಸು. ಚೆಲ್ಲಿದ್ದಕ್ಕೆ ಯಾರಾದರೂ ಬೈದರೆ ಬೈಸಿಕೋ.

ನೀನು ಬರೆದ ಮಿಶ್ರಣ, 50 ಕೆಜಿ ಸಿಮೆಂಟಿಗೆ 100 ಕೆಜಿ ಹಾರುಬೂದಿ ಮತ್ತು 67 ಲೀಟರ್ ನೀರು, ನನಗೆ ಒಪ್ಪಿಗೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿ ನುಣ್ಣಗಿದ್ದರೆ ಅದರ ಉರುಟು ಕಣಗಳೇ ಲೈನಿಗೆ ಎಣ್ಣೆ. ಒಂದು ಸಲಕ್ಕೆ ಸುಮಾರು 128 ಲೀಟರ್ ಸಿಗುತ್ತದೆ, ಲೀಟರಿಗೆ 1.69 ಕೆಜಿ ತೂಗಬೇಕು. ತಕ್ಕಡಿಯಲ್ಲಿ ತೂಗದೆ ಒಂದು ಮಿಶ್ರಣವನ್ನೂ ಬಿಡಬೇಡ. ನೀರು ಮೊದಲು, ಸಿಮೆಂಟ್ ಆಮೇಲೆ, ಬೂದಿ ಕೊನೆಗೆ. ಮುಳ್ಳು ಏರಿದೆಯೆಂದು ಮೇಸ್ತ್ರಿ ಪೈಪಿನಿಂದ ಮಿಶ್ರಣಕ್ಕೆ ನೀರು ಬಿಡುವುದನ್ನು ನೋಡಿದರೆ ತಡೆ. ತೆಳುವಾದದ್ದು ಲೈನಿನಲ್ಲೇ ತಳಕ್ಕೆ ಕೂರುತ್ತದೆ, ಮತ್ತೆ ಅದೇ ಗಂಟು, ಮತ್ತೆ ಅದೇ ಕಪ್ಲಿಂಗ್. ಶುರುವಿಗೆ ಒಣ ಹೋಸಿಗೆ ನೇರವಾಗಿ ಗ್ರೌಟ್ ಬಿಡುವುದೂ ಹಾಗೆಯೇ. ಮೊದಲು ನೀರು, ಹಿಂದೆ ಒಂದು ಮಿಶ್ರಣದಷ್ಟು ಬರೀ ಸಿಮೆಂಟಿನ ಹಾಲು, ಅವೆರಡನ್ನೂ ಗುಂಡಿಯ ಹೊರಗೆ ಚೆಲ್ಲಿ, ತೂಕ ಸರಿಬಂದ ಮೇಲೆ ಕೇಸಿಂಗಿಗೆ ಜೋಡಿಸು.

ಇನ್ನು ಕೇಸಿಂಗ್ ಒಳಗಿನ ಮಾತು. ನಿನಗೆ ಗೊತ್ತಿರುತ್ತದೆ, ಆದರೂ ಬರೆದುಬಿಡುತ್ತೇನೆ. 890 ಎಂಎಂ ಒಳವ್ಯಾಸದ ಕೇಸಿಂಗಿನಲ್ಲಿ 630 ಎಂಎಂ ಹೊರವ್ಯಾಸದ ಪ್ಲಾಸ್ಟಿಕ್ ಪೈಪು, ಅಂದರೆ ಎಚ್‌ಡಿಪಿಇ, 60 ಮೀಟರ್: ನಡುವಿನ ಸಂದಿಗೆ ಸುಮಾರು 18.6 ಘನ ಮೀಟರ್, 145 ಮಿಶ್ರಣ, ತಡೆಯಿಲ್ಲದೆ ಹೋದರೂ ಐದು ಗಂಟೆ. ಪೈಪಿನ ತುಂಬ ನೀರಿದ್ದರೂ ಗ್ರೌಟ್ ಅದನ್ನು ಮೀಟರಿಗೆ 220 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. ಪೈಪನ್ನು ನಡುವೆ ಹಿಡಿದಿಡುವ ಸ್ಪೇಸರುಗಳು ಕೆಳಗಷ್ಟೇ ಅಲ್ಲ, ನೆತ್ತಿಯಲ್ಲೂ ಬೇಕು. ಒಂದೇ ಸಲಕ್ಕೆ ತುಂಬದೆ ಎರಡು ಮೂರು ಹಂತ ಮಾಡು. ತಗ್ಗಿನ ತುದಿಯಿಂದ ತುಂಬಿಸಿ, ಎತ್ತರದ ತುದಿಯ ನೆತ್ತಿಯಲ್ಲಿ ಗಾಳಿ ಹೋಗಲು ದಾರಿ ಇಡು. ಅಲ್ಲಿಂದ ಬರುವುದೂ 1.69 ತೂಗಿದ ಮೇಲೆ ಮುಚ್ಚು.

ಗುಂಡಿ 7 ಮೀಟರ್ ಆಳ ಅಂದೆ. ಮೇಲಿನಿಂದ ಕೆಳಗಿಳಿಯುವಷ್ಟರಲ್ಲಿ ಗ್ರೌಟಿನ ತೂಕದಿಂದಲೇ ಸುಮಾರು 1.2 ಬಾರ್ ಸೇರುತ್ತದೆ, ಲೈನಿನ ಉಜ್ಜಾಟದಲ್ಲಿ ಎಷ್ಟೋ ಕಳೆಯುತ್ತದೆ. ಹಾಗಾಗಿ ಪಂಪಿನ ಗೇಜು ನೋಡಿ ಪೈಪಿನ ಮೇಲಿನ ಒತ್ತಡ ಹೇಳಲಾಗದು. ಕೇಸಿಂಗಿನ ಬಾಯಲ್ಲೇ ಎರಡನೆಯ ಗೇಜು ಬೇಕು, ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಡಿಸೈನ್ ಮಾಡಿದವರಿಂದ ಬರೆಸಿಕೋ. ಗ್ರೌಟ್ ಗಟ್ಟಿಯಾಗುವ ಬಿಸಿಗೆ ಎಚ್‌ಡಿಪಿಇ ಮೆತ್ತಗಾಗಿ ಒಳಕ್ಕೆ ಕುಸಿಯಬಹುದು. ಆ ಎರಡನೆಯ ಗೇಜಿಂದ ನಿನಗೆ ಇನ್ನೊಂದು ಉಪಕಾರ: ಪಂಪಿನದು ಏರಿ, ಗುಂಡಿಯದು ಬಿದ್ದರೆ ಗಂಟು ನಡುವೆ ಎಲ್ಲೋ ಇದೆ. ಎರಡೂ ಏರಿದರೆ ಲೈನ್ ಚೆನ್ನಾಗಿದೆ, ಕೇಸಿಂಗ್ ತುಂಬಿದೆ ಅಥವಾ ಗಾಳಿಯ ದಾರಿ ಮುಚ್ಚಿದೆ. ಆಗ ಯಾರೂ ಕಪ್ಲಿಂಗಿಗೆ ಕೈ ಹಾಕುವ ಅಗತ್ಯವೇ ಬರುವುದಿಲ್ಲ.

ಮೇಸ್ತ್ರಿ ನಿನಗಿಂತ ಇಪ್ಪತ್ತು ವರ್ಷ ದೊಡ್ಡವರು, ಎದುರು ಮಾತಾಡಲು ಸಂಕೋಚ ಎಂದು ನೀನು ಬರೆಯದಿದ್ದರೂ ನನಗೆ ತಿಳಿಯಿತು. ‘ಅಣ್ಣಾ, ಗೇಜು ಸೊನ್ನೆಗೆ ಬರಲಿ, ನಾನೂ ಬರ್ತೀನಿ, ಇಬ್ಬರೂ ಸೇರಿ ಬಿಚ್ಚೋಣ’ ಅನ್ನು. ಸಿಟ್ಟಾದರೆ ಆಗಲಿ. ಮುಂದಿನ ಪಂಪಿಂಗ್ ಯಾವತ್ತು ಎಂದು ತಿಳಿಸು, ಮುಗಿದ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ನಾನು ಎದ್ದೇ ಇರುತ್ತೇನೆ.

ನಿನ್ನ ಮಾವ