ಬಿಪಿ ಇಳಿದರೂ ಬಡಿತ ಯಾಕೆ ಏರಲಿಲ್ಲ?

ಪ್ರಿಯ ಗೆಳೆಯಾ,

ನಾಯಿಯ ಆಪರೇಷನ್ ನಡೆಯುವಾಗ ಬಿಪಿ ಇಳೀತಾ ಹೋಯಿತು, ಹೃದಯದ ಬಡಿತ ಮಾತ್ರ ಇದ್ದಲ್ಲೇ ಇತ್ತು, ಅದು ಏರಬೇಕಿತ್ತಲ್ವಾ ಅಂತ ಕೇಳಿದ್ದೀಯ. ಎಚ್ಚರದಲ್ಲಿದ್ದಿದ್ದರೆ ಖಂಡಿತ ಏರುತ್ತಿತ್ತು.

ಕುತ್ತಿಗೆಯ ಕ್ಯಾರೋಟಿಡ್ ನಾಳದಲ್ಲಿ, ಮಹಾಪಧಮನಿಯ ಬಾಗಿನಲ್ಲಿ ನರದ ತುದಿಗಳಿವೆ. ನಾಳದ ಗೋಡೆ ಎಷ್ಟು ಹಿಗ್ಗಿತು ಅಂತ ಪ್ರತಿ ಬಡಿತಕ್ಕೂ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಒತ್ತಡ ಇಳಿದರೆ ಸುದ್ದಿ ಕಡಿಮೆಯಾಗುತ್ತದೆ. ಆಗ ಮೆದುಳು ಬಡಿತವನ್ನು ನಿಧಾನಿಸುವ ವೇಗಸ್ ನರದ ಬ್ರೇಕ್ ಸಡಿಲಿಸಿ, ದೇಹವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳಿಂದ ರಕ್ತನಾಳಗಳನ್ನು ಬಿಗಿ ಮಾಡಿಸುತ್ತದೆ. ಎಲ್ಲಾ ಕೆಲವೇ ಸೆಕೆಂಡಿನ ಮಾತು; ತಾನಾಗಿ ನಡೆಯುವ ಈ ಪ್ರತಿಕ್ರಿಯೆಯೇ ರಿಫ್ಲೆಕ್ಸ್. ಅರಿವಳಿಕೆಗೆ ಉಸಿರಿನ ಜೊತೆ ಕೊಡುವ ಐಸೋಫ್ಲುರೇನ್ ಈ ದಾರಿಯನ್ನು ಹಲವು ಕಡೆ ಮಂಕು ಮಾಡುತ್ತದೆ. ಸಾಲದ್ದಕ್ಕೆ ರಕ್ತನಾಳವನ್ನು ತಾನೇ ಸಡಿಲಿಸುತ್ತದೆ. ಡೋಸ್ ಏರಿದಷ್ಟೂ ಎರಡೂ ಜಾಸ್ತಿ. ಹಾಗಾಗಿ ಬಡಿತ ಸ್ಥಿರವಾಗಿದೆ ಅಂತ ನೆಮ್ಮದಿಪಡಬೇಡ. ಸರಾಸರಿ ರಕ್ತದೊತ್ತಡ 60 mmHgಗಿಂತ ಕೆಳಗೆ ಹೋದರೆ ಮೊದಲು ಐಸೋಫ್ಲುರೇನ್ ಎಷ್ಟು ಹೋಗಬೇಕು ಅಂತ ಹೊಂದಿಸುವ ವೇಪರೈಸರ್ ಡಯಲ್ ಕಡೆ ನೋಡು. ಅರಿವಳಿಕೆ ಬೇಕಾದ್ದಕ್ಕಿಂತ ಆಳವಾಗಿದ್ದರೆ ಅದನ್ನು ಇಳಿಸಿ, ಆಮೇಲೆ ದ್ರವ, ಔಷಧಿ ಯೋಚಿಸು. ಕುದುರೆಯಾದರೆ ಇನ್ನೂ ಬಿಗಿ: 70ರ ಕೆಳಗೆ ಬಿಟ್ಟರೆ, ಆ ಭಾರಕ್ಕೆ ಅಡಿಯ ಸ್ನಾಯುಗಳಿಗೆ ರಕ್ತ ಸಾಲದೆ, ಎದ್ದ ಮೇಲೆ ಕಾಲೇ ಊರಲಾಗದ ಸ್ಥಿತಿ ಬರಬಹುದು.

ಮಂಪರು ತರಿಸುವ ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟಾಗ ಕಥೆ ಉಲ್ಟಾ. ಮೊದಲು ನಾಳಗಳು ಬಿಗಿದು ಒತ್ತಡ ಏರುತ್ತದೆ, ಬಡಿತ 50ರ ಆಸುಪಾಸಿಗೆ ಕುಸಿಯುತ್ತದೆ. ನೋಡಿದವರಿಗೆ ಗಾಬರಿ. ಆದರೆ ಅದು ರಿಫ್ಲೆಕ್ಸ್ ಕೆಲಸ ಮಾಡುತ್ತಿರುವುದರ ಗುರುತು! ಈ ಹೊತ್ತಿನಲ್ಲಿ ಬಡಿತದ ನಂಬರ್ ನೋಡಿ, ಬಡಿತ ಏರಿಸುವ ಅಟ್ರೋಪಿನ್ ಚುಚ್ಚುವುದು ನನಗಂತೂ ಸರಿ ಅನ್ನಿಸುವುದಿಲ್ಲ. ಬಿಗಿದ ನಾಳಗಳ ಎದುರು ಹೃದಯವನ್ನು ಜೋರಾಗಿ ಓಡಿಸಿದ ಹಾಗಾಗುತ್ತದೆ, ಬಿಪಿ ಇನ್ನೂ ಹಾರುತ್ತದೆ.

ಇನ್ನೊಂದು ಅರಿವಳಿಕೆ ಔಷಧಿ ಕೆಟಮಿನ್ ಸಿಂಪಥೆಟಿಕ್ ಕಡೆಯವರನ್ನು ಎಬ್ಬಿಸಿ ಬಡಿತ, ಒತ್ತಡ ಎರಡನ್ನೂ ಏರಿಸುತ್ತದೆ. ಸರಿ. ಆದರೆ ದಿನಗಟ್ಟಲೆ ಸುಸ್ತಾದ ಪ್ರಾಣಿಯಲ್ಲಿ ಆ ಕಡೆ ಉಳಿದದ್ದೇ ಕಡಿಮೆ. ಆಗ ಕೆಟಮಿನ್ ಹೃದಯವನ್ನು ನೇರವಾಗಿ ತಗ್ಗಿಸುವ ಗುಣವೇ ಎದ್ದು ಕಾಣುತ್ತದೆ.

ಅರಿವಳಿಕೆಯ ಔಷಧಿಗಳು ಹೀಗೆ ಅಡ್ಡ ಬರುವುದಕ್ಕೇ ಈ ರಿಫ್ಲೆಕ್ಸ್ ಬಗ್ಗೆ ಪ್ರಯೋಗ ಮಾಡುವವರು ಕ್ಲೋರಲೋಸ್‌ನಂಥ ಅರಿವಳಿಕೆಯನ್ನು ಹೆಚ್ಚಾಗಿ ಆರಿಸಿಕೊಂಡಿದ್ದರು. ಅದು ರಿಫ್ಲೆಕ್ಸನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಅಂದಹಾಗೆ, ಆ ನಾಯಿಗೆ ಪ್ರೀಮೆಡ್, ಅಂದರೆ ಅರಿವಳಿಕೆಗೆ ಮುಂಚಿನ ಔಷಧಿ, ಏನು ಕೊಟ್ಟಿದ್ದರು? ಏಸ್‌ಪ್ರೊಮಜಿನ್ ಆಗಿದ್ದರೆ, ನಾಳ ಬಿಗಿಯುವ ಸಂದೇಶ ಹಿಡಿಯುವ ಆಲ್ಫಾ ರಿಸೆಪ್ಟರ್‌ಗಳೂ ಆಗಲೇ ಮುಚ್ಚಿದ್ದವು. ಚಾರ್ಟಿನ ಫೋಟೋ ಕಳಿಸು, ಡೋಸ್ ನೋಡಿ ಹೇಳ್ತೀನಿ.

ನಿನ್ನವನೇ